ಬೆಳಕನ್ನು ತಾಳದ ಕಣ್ಣು

ಇತರರಿಗೆ ಹಿತವಾಗಿಯೇ ಇರುವ ಬೆಳಕು ಕೆಲವರ ಕಣ್ಣನ್ನು ಚುಚ್ಚಿ, ನೀರು ತರಿಸಿ, ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುವಂತೆ ಮಾಡುವ ಸ್ಥಿತಿಯನ್ನು ವೈದ್ಯಶಾಸ್ತ್ರವು ‘ಫೋಟೋಫೋಬಿಯಾ’ ಎನ್ನುತ್ತದೆ. ಗ್ರೀಕ್ ಮೂಲದ ಈ ಪದಕ್ಕೆ ಬೆಳಕಿನ ಭಯವೆಂಬ ಅರ್ಥವಿದ್ದರೂ ಇಲ್ಲಿರುವುದು ಭಯವಲ್ಲ, ನೋವು. ಆದ್ದರಿಂದ ಅದನ್ನು ‘ಬೆಳಕಿನ ಅಸಹನೆ’ ಎಂದು ಕರೆಯುವುದೇ ಹೆಚ್ಚು ಸರಿ. ಜ್ವರದಂತೆ ಇದೂ ಒಂದು ಲಕ್ಷಣವೇ ಹೊರತು ಸ್ವತಂತ್ರ ರೋಗವಲ್ಲ.

ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್‌ಗಿಂತಲೂ ಕಡಿಮೆಯಿದ್ದರೆ, ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್‌ನಷ್ಟಿರುತ್ತದೆ (ಲಕ್ಸ್ ಎಂಬುದು ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ). ಕಣ್ಣಿನ ಪಾಪೆಯು 8 ಮಿಲಿಮೀಟರಿನಿಂದ 2 ಮಿಲಿಮೀಟರಿಗೆ ಕುಗ್ಗಿದರೂ ಒಳಬರುವ ಬೆಳಕು ಹದಿನಾರನೇ ಒಂದು ಪಾಲಿಗಷ್ಟೇ ಇಳಿಯುವುದರಿಂದ, ಉಳಿದ ಹೊಂದಾಣಿಕೆಯ ಬಹುಭಾಗವನ್ನು ಕಣ್ಣಿನ ಹಿಂಬದಿಯ ಸಂವೇದಿ ಪದರವಾದ ಅಕ್ಷಿಪಟಲವೇ ಮಾಡಬೇಕಾಗುತ್ತದೆ. ಆ ಪದರದಲ್ಲಿ, ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ‘ಮೆಲನಾಪ್ಸಿನ್’ ಎಂಬ ವರ್ಣದ್ರವ್ಯವನ್ನು ಹೊಂದಿ ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುವ ಕೋಶಗಳೂ ಇವೆ. ಅವುಗಳ ಸಂದೇಶವು ಮೆದುಳಿನ ಥಲಾಮಸ್ ಭಾಗದಲ್ಲಿ, ತಲೆ ಮತ್ತು ಮುಖದ ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ಸಂದೇಶದೊಡನೆ ಕೂಡಿಕೊಳ್ಳುವುದರಿಂದ ಬೆಳಕು ನೋವಿಗೆ ಬಲ ಕೊಡುತ್ತದೆ. ನೋಟವನ್ನು ಬಹುಪಾಲು ಕಳೆದುಕೊಂಡಿದ್ದರೂ ಈ ಕೋಶಗಳನ್ನು ಉಳಿಸಿಕೊಂಡಿರುವವರಲ್ಲಿ ಬೆಳಕಿನಿಂದ ಅರೆತಲೆನೋವು ಉಲ್ಬಣಿಸುವುದಕ್ಕೆ ಇದೇ ಕಾರಣ.

ಅರೆತಲೆನೋವು, ಅಂದರೆ ಮೈಗ್ರೇನ್, ಈ ಅಸಹನೆಯ ಸಾಮಾನ್ಯ ಕಾರಣಗಳಲ್ಲಿ ಒಂದು. ಕಣ್ಣೀರಿನ ಪದರ ತೆಳುವಾಗುವ ಒಣಕಣ್ಣು, ಪಾಪೆಯ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಗೀರು, ಕಣ್ಣಿನ ನಡುಪದರದ ಉರಿಯೂತವಾದ ಯುವಿಯೈಟಿಸ್, ತಲೆಗೆ ಬಿದ್ದ ಪೆಟ್ಟು ಮತ್ತು ಕೆಲವು ಔಷಧಗಳೂ ಇದನ್ನು ತರಬಲ್ಲವು. ಕಣ್ಣಿಗೆ ಪೊರೆ ಬರತೊಡಗಿದಾಗ ಮಸೂರವು ಬೆಳಕನ್ನು ಚದುರಿಸುವುದರಿಂದ ಎದುರಿನ ವಾಹನದ ದೀಪಗಳು ಕಣ್ಣು ಕೋರೈಸುತ್ತವೆ. ಅಸಹನೆಯೊಡನೆ ಕಣ್ಣು ಕೆಂಪಾಗಿ ತೀವ್ರವಾಗಿ ನೋಯುವುದು, ದೃಷ್ಟಿ ಮಂಜಾಗುವುದು, ಅಥವಾ ಜ್ವರ ಬಂದು ಕತ್ತು ಬಿಗಿಯುವುದು ಕಂಡುಬಂದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕೊನೆಯದು ಮೆದುಳು ಪೊರೆಯ ಉರಿಯೂತದ ಸೂಚನೆಯಾಗಿರಬಹುದು.

ಬೆಳಕಿಗೆ ನೊಂದವರು ಸಹಜವಾಗಿಯೇ ಕತ್ತಲನ್ನು ಆಶ್ರಯಿಸುತ್ತಾರೆ. ಮನೆಯೊಳಗೂ ಕಪ್ಪು ಕನ್ನಡಕ ಧರಿಸುತ್ತಾರೆ. ಅರೆತಲೆನೋವು ಕಾಡುವ ಕೆಲವು ಗಂಟೆಗಳಲ್ಲಿ ಕತ್ತಲು ಉಪಶಮನ ಕೊಡುವುದೇನೋ ನಿಜ, ಆದರೆ ದಿನವಿಡೀ ಕತ್ತಲಲ್ಲಿದ್ದರೆ ಅಕ್ಷಿಪಟಲವು ಅದಕ್ಕೇ ಹೊಂದಿಕೊಂಡು, ಮತ್ತೆ ಎದುರಾಗುವ ಸಾಧಾರಣ ಬೆಳಕೂ ಅದಕ್ಕೆ ಅತಿಯಾಗುತ್ತದೆ. ಕಣ್ಣು ಕತ್ತಲಿಗೆ ಪೂರ್ಣವಾಗಿ ಒಗ್ಗಲು 30ರಿಂದ 40 ನಿಮಿಷಗಳೇ ಸಾಕೆಂಬುದನ್ನು ನೆನೆದರೆ, ತಿಂಗಳುಗಟ್ಟಲೆ ಕಪ್ಪು ಗಾಜಿನ ಹಿಂದಿದ್ದ ಕಣ್ಣು ಬಿಸಿಲಿಗೆ ಏಕೆ ಬೆದರುತ್ತದೆಂಬುದು ಅರ್ಥವಾಗುತ್ತದೆ. ಆದ್ದರಿಂದ ಬೆಳಕನ್ನು ಅಡ್ಡಗಟ್ಟುವುದಕ್ಕಿಂತ ಅದನ್ನು ಹದಗೊಳಿಸುವುದೇ ಉಚಿತ.

ಬಿಸಿಲಿನಲ್ಲಿ ಅಗಲ ಅಂಚಿನ ಟೋಪಿಯನ್ನೂ, ಜನರು ಕೂಲಿಂಗ್ ಗ್ಲಾಸ್ ಎಂದು ಕರೆಯುವ ತಂಪು ಕನ್ನಡಕವನ್ನೂ ಬಳಸುವುದು ಯುಕ್ತವಾದರೂ, ಗಾಜು ಎಷ್ಟು ಕಪ್ಪಗಿದೆ ಎಂಬುದಕ್ಕಿಂತ ಅದು 400 ನ್ಯಾನೋಮೀಟರ್‌ವರೆಗಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆಯೇ ಎಂಬುದು ಮುಖ್ಯ. ರಸ್ತೆ ಮತ್ತು ನೀರಿನ ಮೇಲಿಂದ ಪ್ರತಿಫಲಿಸುವ ಝಳವನ್ನು ಪೋಲರಾಯ್ಡ್ ಗಾಜು ತಗ್ಗಿಸುತ್ತದೆ. ಒಳಾಂಗಣಕ್ಕೆ, ನೀಲಿ ಹಾಗೂ ನೀಲಿ-ಹಸಿರು ಬೆಳಕನ್ನು ಸೋಸುವ ‘ಎಫ್‌ಎಲ್-41’ ಎಂಬ ಗುಲಾಬಿ ಛಾಯೆಯ ಗಾಜು ಕೆಲವರಿಗೆ ನೆರವಾಗಿದೆ; 1991ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಚಿಕ್ಕ ಅಧ್ಯಯನವೊಂದರಲ್ಲಿ ಅದನ್ನು ಧರಿಸಿದ ಮಕ್ಕಳ ಅರೆತಲೆನೋವಿನ ಸರಾಸರಿ ತಿಂಗಳಿಗೆ 6.2ರಿಂದ 1.6ಕ್ಕೆ ಇಳಿದಿತ್ತು. ಹಳೆಯ ಬಗೆಯ ಚೋಕ್ ಅಳವಡಿಸಿದ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಅದು ಕೆಲವರಿಗೆ ತಲೆನೋವು ತರುವುದುಂಟು. ಅಂಥವರು ದೀಪ ಬದಲಿಸಿ, ಕಿಟಕಿಯು ಎದುರಿಗಿರದೆ ಪಕ್ಕಕ್ಕೆ ಬರುವಂತೆ ಕುಳಿತು, ಕಂಪ್ಯೂಟರ್ ಪರದೆಯ ಹೊಳಪನ್ನು ಕೋಣೆಯ ಬೆಳಕಿಗೆ ಸಮವಾಗಿಸಿಕೊಳ್ಳಬಹುದು. ಒಣಕಣ್ಣಿರುವವರು ಆಗಾಗ ರೆಪ್ಪೆ ಮಿಟುಕಿಸುವುದನ್ನು ರೂಢಿಸಿಕೊಂಡು, ವೈದ್ಯರು ಸೂಚಿಸಿದ ಕೃತಕ ಕಣ್ಣೀರಿನ ಹನಿಗಳನ್ನು ಬಳಸಬೇಕು.

ಮೂಲಕಾರಣಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೇ, ಕೋಣೆಯ ದಪ್ಪ ಪರದೆಯ ಜಾಗಕ್ಕೆ ತೆಳು ಪರದೆಯನ್ನೂ, ಕೆಲವು ದಿನಗಳ ಬಳಿಕ ಅರೆತೆರೆದ ಕಿಟಕಿಯನ್ನೂ ತರುವಂತೆ, ಕಣ್ಣು ಸಹಿಸಿದಷ್ಟೇ ಬೆಳಕನ್ನು ಮೆಲ್ಲನೆ ಹೆಚ್ಚಿಸುತ್ತ ಹೋಗುವುದು ಈ ಎಲ್ಲ ಉಪಾಯಗಳಿಗೂ ಪೂರಕವಾದ ಅಭ್ಯಾಸ.