ಬೆಕ್ಕಿಗೆ ಬರೀ ಹಸಿ ಚಿಕನ್ ಸಾಕಾ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಳ್ಳಿ ಮನೆಗಳಲ್ಲಿ ಬೆಕ್ಕಿಗೆ ಹಾಕೋದು ಹಾಲು ಅನ್ನ. ಆದ್ರೂ ಅದು ಗಟ್ಟಿಮುಟ್ಟಾಗಿ ಇರುತ್ತೆ. ಕಾರಣ ಹಾಲು ಅನ್ನ ಅಲ್ಲ. ಅಟ್ಟದಲ್ಲಿ, ಹುಲ್ಲಿನ ಬಣವೆ ಹತ್ರ ಅದು ಹಿಡಿದು ತಿನ್ನೋ ಇಲಿ. ಹಾಸನದಲ್ಲಿ ರೂಮ್ ಮಾಡ್ಕೊಂಡು ಬೆಕ್ಕು ಸಾಕೋರ ಹತ್ರ ಆ ಇಲಿ ಇಲ್ಲ. 'ಬೆಕ್ಕು ಮಾಂಸಾಹಾರಿ ತಾನೇ' ಅಂತ ಬೋನ್‌ಲೆಸ್ ಚಿಕನ್ ಹಸಿಯಾಗೇ ಹಾಕ್ತಾರೆ. ಆದ್ರೆ ಇಲಿ ಅಂದ್ರೆ ಬರೀ ಮಾಂಸ ಅಲ್ಲ. ಮೂಳೆ, ಹೃದಯ, ಲಿವರ್ ಎಲ್ಲಾ ಸೇರಿದ ಪೂರ್ತಿ ಊಟ. ಬೋನ್‌ಲೆಸ್‌ನಲ್ಲಿ ಇಲ್ಲದ್ದನ್ನ ನಾವೇ ಸೇರಿಸಬೇಕು.

ಮೊದಲನೆಯದು ಟಾರಿನ್. ನಮ್ಮ ದೇಹ ಇದನ್ನ ತಾನೇ ತಯಾರಿಸುತ್ತೆ, ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸೋಕೆ ಆಗಲ್ಲ. ಕೊರತೆಯಾದ್ರೆ ಕಣ್ಣಿನ ರೆಟಿನಾ ಹಾಳಾಗುತ್ತೆ, ಹೃದಯದ ಸ್ನಾಯು ದುರ್ಬಲವಾಗುತ್ತೆ. 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ತಂಡ ಇದನ್ನ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಟಾರಿನ್ ಕೊಟ್ಟಾಗ ಬೆಕ್ಕುಗಳ ಹೃದಯ ಸುಧಾರಿಸಿತ್ತು. ಆಮೇಲೆ ಕಂಪನಿಗಳೂ ಫುಡ್‌ನಲ್ಲಿ ಟಾರಿನ್ ಹೆಚ್ಚಿಸಿದವು. ಕೋಳಿಯ ಎದೆ ಭಾಗದಲ್ಲಿ ಟಾರಿನ್ ಕಡಿಮೆ. ಕಾಲು ಮತ್ತು ಹೃದಯದಲ್ಲಿ ಜಾಸ್ತಿ.

ಎರಡನೆಯದು ಕ್ಯಾಲ್ಸಿಯಂ. ಬೋನ್‌ಲೆಸ್ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು 15–20 ಪಟ್ಟು ಹೆಚ್ಚು. ಬೇಕಾಗಿರೋದು ಹೆಚ್ಚುಕಡಿಮೆ 1:1. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ದೇಹ ಮೂಳೆಯಿಂದಲೇ ಅದನ್ನ ತೆಗೆಯುತ್ತೆ. ಬೆಳೆಯೋ ಮರಿಗಳಲ್ಲಂತೂ ಸುಮ್ನೆ ಜಿಗಿದ್ರೂ ಕಾಲು ಮುರಿಯೋಷ್ಟು ಮೂಳೆ ಸವೆಯಬಹುದು. ಮೊಟ್ಟೆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಅದರ ತೂಕದಲ್ಲಿ 40% ಕ್ಯಾಲ್ಸಿಯಂ. ನುಣ್ಣಗೆ ಪುಡಿ ಮಾಡಿ ಬಳಸಬಹುದು, ಆದ್ರೆ ಅಳತೆ ಡಾಕ್ಟರ್ ಹೇಳಬೇಕು. ನಮ್ಮ ಕ್ಯಾಲ್ಸಿಯಂ ಮಾತ್ರೆ ಬೇಡ. ಅದರಲ್ಲಿ ಹೆಚ್ಚಾಗಿ ವಿಟಮಿನ್ ಡಿ3 ಇರುತ್ತೆ, ಅತಿಯಾದ್ರೆ ಬೆಕ್ಕಿಗೆ ವಿಷ.

ಮೂರನೆಯದು ವಿಟಮಿನ್ ಎ. ಕ್ಯಾರೆಟ್ ತಿಂದು ಬೆಕ್ಕು ಇದನ್ನ ಮಾಡ್ಕೊಳಲ್ಲ, ಸ್ವಲ್ಪ ಲಿವರ್ ಬೇಕು. ಹಾಗಂತ ದಿನಾ ಲಿವರ್ ಮಾತ್ರ ಹಾಕಿದ್ರೆ ವಿಟಮಿನ್ ಎ ಅತಿಯಾಗಿ ಕತ್ತಿನ ಮೂಳೆಗಳು ಬೆಸೆದುಕೊಂಡು ತಲೆ ತಿರುಗಿಸೋದೇ ಕಷ್ಟವಾಗುತ್ತೆ. ಕೆರೆಯ ಸಾಮಾನ್ಯ ಗೆಂಡೆ ಮೀನನ್ನೂ ಹಸಿ ಕೊಡಬೇಡಿ. ಅದರಲ್ಲಿರೋ ಥಯಾಮಿನೇಸ್ ಅನ್ನೋ ಕಿಣ್ವ ವಿಟಮಿನ್ ಬಿ1 ಅನ್ನ ನಾಶ ಮಾಡುತ್ತೆ. ಬೇಯಿಸಿದ್ರೆ ಆ ತೊಂದರೆ ಇಲ್ಲ.

ಇನ್ನು ಹಸಿಯಾಗೇ ಕೊಡಬೇಕಾ? ಅಂಗಡಿ ಚಿಕನ್‌ನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅದು ಬೆಕ್ಕಿನ ಜೊತೆ ರೂಮ್‌ಮೇಟ್‌ಗೂ ಬರುತ್ತೆ. ಬೇಯಿಸಿ ಕೊಡೋದು ಸೇಫ್. ಟಾರಿನ್ ನೀರಿಗೆ ಇಳಿಯೋದ್ರಿಂದ ಆ ನೀರನ್ನ ಚೆಲ್ಲದೆ ಜೊತೆಗೇ ಹಾಕಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತೆ, ತೆಗೆದುಬಿಡಿ.

ಒಟ್ನಲ್ಲಿ, ಹಸಿ ಇರಲಿ ಬೇಯಿಸಿದ್ದಿರಲಿ, ಬರೀ ಮಾಂಸವೇ ಊಟವಾದ್ರೆ ಸಪ್ಲಿಮೆಂಟ್ ಬೇಕೇ ಬೇಕು. ಅಷ್ಟೆಲ್ಲಾ ಅಳೆಯೋಕೆ ಟೈಮ್ ಇಲ್ವಾ? 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಬರೆದಿರೋ ಕ್ಯಾಟ್ ಫುಡ್ ಹಾಕಿ, ಚಿಕನ್ ಆಗಾಗ ಸ್ವಲ್ಪ ಕೊಡಿ. ಮನೆ ಊಟವೇ ಹಾಕ್ತೀನಿ ಅನ್ನೋರಿಗೆ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಬೆಕ್ಕಿನ ತೂಕ, ವಯಸ್ಸು ಹೇಳಿ ಅಳತೆ ಕೇಳ್ಕೊಂಡು ಬನ್ನಿ.