ಪುಟ ಬಿಡುವ ಹೊತ್ತು

ದಿನಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಒಂದು ಸಾಲು ಇರುತ್ತದೆ. ಕನ್ನಡಕ ಹಾಕಿದವರೂ ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರ. ಮುದ್ರಕರು ಯಾರು, ಪ್ರಕಾಶಕರು ಯಾರು, ಯಾವ ಊರಿನ ಯಾವ ಮುದ್ರಣಾಲಯದಲ್ಲಿ ಅಚ್ಚಾಯಿತು, ಸಂಪಾದಕರ ಹೆಸರೇನು ಎಂಬ ವಿವರ ಅದರಲ್ಲಿರುತ್ತದೆ. ಬ್ರಿಟಿಷರ ಕಾಲದ 1867ರ ಪತ್ರಿಕಾ ಕಾಯ್ದೆಯಿಂದ ಬಂದ ರೂಢಿ ಅದು. 2024ರ ಮಾರ್ಚ್ 1ರಂದು ಹಳೆಯ ಕಾಯ್ದೆ ಹೋಗಿ ಹೊಸದು ಜಾರಿಗೆ ಬಂತು. ಸಾಲು ಮಾತ್ರ ಇದ್ದಲ್ಲೇ ಇದೆ.

ಪತ್ರಿಕೆಯಲ್ಲಿ ಕೆಲಸ ಮಾಡಬೇಕು ಎಂದು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಆ ಸಾಲನ್ನು ಓದಿಸುತ್ತೇನೆ. ಅದರಲ್ಲಿರುವುದು ಎರಡು ಮೂರು ಹೆಸರು. ಒಳಪುಟಗಳಲ್ಲಿ ವರದಿಗಾರರ ಹೆಸರು ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಆ ದಿನದ ಪತ್ರಿಕೆಗೆ ದುಡಿದ ಉಳಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಹೆಚ್ಚು ಕೆಲಸಗಳು ಇರುವುದು ಆ ಹೆಸರಿಲ್ಲದವರ ಸಾಲಿನಲ್ಲಿ.

ಬಂದವರೆಲ್ಲ ಕೇಳುವುದು ಮಾತ್ರ ಒಂದೇ: "ಸರ್, ನಾನು ರಿಪೋರ್ಟರ್ ಆಗಬೇಕು." ಆಸೆ ತಪ್ಪಲ್ಲ. ವರದಿಗಾರ ಕಾಲು ಸವೆಸದೆ ಪತ್ರಿಕೆ ಇಲ್ಲ. ಆದರೆ ಅವನು ತಂದದ್ದು ಓದುಗರ ಕೈ ಸೇರುವ ಮೊದಲು ಇನ್ನೊಬ್ಬರ ಕೈಯಲ್ಲಿ ಹಾದು ಬರುತ್ತದೆ. ಆ ಇನ್ನೊಬ್ಬರು ಉಪಸಂಪಾದಕರು. ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಡೆಸ್ಕಿನವರು. ಬದುಕಿನ ಬಹುಪಾಲು ರಾತ್ರಿಗಳನ್ನು ಡೆಸ್ಕಿನಲ್ಲಿ ಕಳೆದವನಾದ್ದರಿಂದ ಆ ಕೆಲಸದ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಉಳಿದವರು ಕ್ಷಮಿಸಬೇಕು.

ಪತ್ರಿಕೆಯ ಗಡಿಯಾರ ದೂರದ ಊರಿನ ಲೆಕ್ಕದಲ್ಲಿ ನಡೆಯುತ್ತದೆ. ಮುದ್ರಣಾಲಯದಿಂದ ತೀರ ದೂರದಲ್ಲಿರುವ ಜಿಲ್ಲೆಯ ಪುಟ ಮೊದಲು ಹೋಗಬೇಕು, ಯಾಕೆಂದರೆ ಆ ಕಟ್ಟುಗಳು ರಾತ್ರಿಯಿಡೀ ರಸ್ತೆಯ ಮೇಲಿರುತ್ತವೆ. ನಗರದ ಆವೃತ್ತಿ ಕೊನೆಗೆ. ಹೀಗಾಗಿ ರಾತ್ರಿ ಒಂಬತ್ತೂವರೆಗೆ ಒಬ್ಬರು ಉಸಿರು ಬಿಗಿ ಹಿಡಿದು ಪುಟ ಬಿಡುತ್ತಿದ್ದರೆ, ಪಕ್ಕದ ಮೇಜಿನವರು ಆಗಷ್ಟೇ ಚಹಾ ಕುಡಿದು ಕೂತಿರುತ್ತಾರೆ.

ಉತ್ತರ ಕರ್ನಾಟಕದ ಆವೃತ್ತಿಯೊಂದರ ಡೆಸ್ಕಿನಲ್ಲಿದ್ದಾಗ, ಒಂದು ಬೇಸಿಗೆಯ ರಾತ್ರಿ, ಅಂಥದೇ ಒಂಬತ್ತೂವರೆಗೆ ದೂರದ ತಾಲ್ಲೂಕಿನ ಅರೆಕಾಲಿಕ ವರದಿಗಾರನ ಕಾಪಿ ಬಂತು. ಅದರ ಮೊದಲ ವಾಕ್ಯ ಹೀಗಿತ್ತು: "ಸದರಿ ಗ್ರಾಮದಲ್ಲಿ ಕಳೆದ ಹಲವಾರು ದಿನಗಳಿಂದ ಕುಡಿಯುವ ನೀರಿನ ಹಾಹಾಕಾರ ಉಂಟಾಗಿದ್ದು, ಸಂಬಂಧಪಟ್ಟ ಅಧಿಕಾರಿಗಳು ಕಂಡೂ ಕಾಣದಂತಿರುವುದು ಗ್ರಾಮಸ್ಥರ ಆಕ್ರೋಶಕ್ಕೆ ಕಾರಣವಾಗಿದೆ." ಇಡೀ ಸುದ್ದಿ ಇದೇ ಧಾಟಿಯಲ್ಲಿ ಮೂರು ಪ್ಯಾರಾ. ನಾನು ಫೋನ್ ಮಾಡಿದೆ.

"ಹಲವಾರು ದಿನ ಅಂದ್ರ ಎಷ್ಟು ದಿನ?"

"ಹನ್ನೊಂದು ದಿನ ಆತ್ರಿ ಸರ. ಬೋರಿನ ಮೋಟರ್ ಸುಟ್ಟೈತ್ರಿ."

"ಮತ್ತ ನೀರು ಎಲ್ಲಿಂದ ತರ್ತಾರ?"

"ಒಂದೂವರೆ ಕಿಲೋಮೀಟರ್ ದೂರ ಒಂದು ಹೊಲದ ಬಾವಿ ಐತ್ರಿ. ಹೆಣ್ಣಮಕ್ಕಳು ನಸುಕಿನ್ಯಾಗ ನಾಕಕ್ಕ ಎದ್ದು ಹೊಂಡ್ತಾರ. ಮೊನ್ನೆ ಸಾಲಿ ಹುಡುಗಿ ಒಬ್ಬಾಕಿ ಮೆಟ್ಟಲದಾಗ ಜಾರಿ ಬಿದ್ದು ಕೈ ಮುರಕೊಂಡಾಳ್ರಿ."

"ಇದನ್ನ ಯಾಕ ಬರೀಲಿಲ್ಲ?"

"ಅದೂ ಸುದ್ದಿ ಆಗತೈತೇನ್ರಿ ಸರ?"

ಸುದ್ದಿ ಇದ್ದದ್ದೇ ಅಲ್ಲಿ. ಆ ಹುಡುಗ ಊರೆಲ್ಲ ತಿರುಗಿದ್ದ, ಬಾವಿಯ ಮೆಟ್ಟಿಲನ್ನೂ ನೋಡಿ ಬಂದಿದ್ದ. ಬರೆಯಲು ಕೂತಾಗ ಮಾತ್ರ ಸರ್ಕಾರಿ ಕಾಗದದ ಭಾಷೆ ಅವನ ಕೈ ಹಿಡಿದುಕೊಂಡಿತ್ತು. ಸದರಿ, ಹಾಹಾಕಾರ, ಸಂಬಂಧಪಟ್ಟ, ಆಕ್ರೋಶ ಎಲ್ಲ ತೆಗೆದೆ. ಮೋಟರು, ಹನ್ನೊಂದು ದಿನ, ಬಾವಿ, ಹುಡುಗಿಯ ಕೈ ಉಳಿದವು. ಹುಡುಗಿಯ ಹೆಸರು ಹಾಕಲಿಲ್ಲ. ಗ್ರಾಮ ಪಂಚಾಯಿತಿ ಅಧಿಕಾರಿಯ ಮಾತು ಬೇಕೆಂದು ಕೇಳಿದೆ. ಐದು ನಿಮಿಷದಲ್ಲಿ ಹುಡುಗನೇ ಅವರೊಡನೆ ಮಾತಾಡಿ ತಿಳಿಸಿದ. ಮೂರು ಪ್ಯಾರಾ ಇದ್ದದ್ದು ಏಳು ವಾಕ್ಯಕ್ಕೆ ಇಳಿಯಿತು.

ಇನ್ನು ತಲೆಬರಹ. ಎರಡು ಕಾಲಂ ಅಗಲ, ಎರಡು ಸಾಲು. ಕನ್ನಡದಲ್ಲಿ ತಲೆಬರಹ ಕೂರಿಸುವುದಕ್ಕೆ ಬೇರೆಯೇ ಕಣ್ಣು ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ, ದಪ್ಪ ಅಕ್ಷರದಲ್ಲಿ ಎರಡೂ ಒಂದಕ್ಕೊಂದು ತಾಗುತ್ತವೆ. ಅರ್ಥ ಕೆಡದಂತೆ ಪದ ಬದಲಿಸಬೇಕು, ಇಲ್ಲವೇ ಹಿಂದುಮುಂದು ಮಾಡಬೇಕು. "ಮೋಟರ್ ಸುಟ್ಟು 11 ದಿನ, ಹೊಲದ ಬಾವಿಯೇ ಗತಿ" ಎಂದು ಕೊಟ್ಟೆ. ಪುಟ ವಿನ್ಯಾಸಕರು ಸುದ್ದಿಗೆ ಸುತ್ತ ಗೆರೆ ಎಳೆದು ಬಾಕ್ಸ್ ಮಾಡಿದರು. ಪುಟ ಬಿಟ್ಟಾಗ ಒಂಬತ್ತು ಐವತ್ತು.

ಡೆಸ್ಕಿನ ಇನ್ನೊಂದು ದೊಡ್ಡ ಕೆಲಸ ಅನುವಾದ. ಪಿಟಿಐಯಂಥ ಸುದ್ದಿಸಂಸ್ಥೆಗಳಿಂದ ಬರುವ ಇಂಗ್ಲಿಷ್ ಸುದ್ದಿಗಳು ಗಂಟೆಗಂಟೆಗೂ ರಾಶಿ ಬೀಳುತ್ತವೆ. ಈಗ ಯಂತ್ರವೇ ಕ್ಷಣದಲ್ಲಿ ಕನ್ನಡ ಮಾಡಿ ಕೊಡುತ್ತದೆ, ಹಾಗಾದರೆ ಡೆಸ್ಕು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಯಂತ್ರ ಸದನವನ್ನು ಮನೆ ಎನ್ನಬಹುದು, ನ್ಯಾಯಪೀಠವನ್ನು ಬೆಂಚು ಎನ್ನಬಹುದು. ಅಂಥ ತಪ್ಪುಗಳು ಎದ್ದು ಕಾಣುತ್ತವೆ, ತಿದ್ದುವುದೂ ಸುಲಭ. ನುಣುಪಾಗಿ ಓದಿಸಿಕೊಂಡು ಹೋಗುವ ವಾಕ್ಯದೊಳಗೆ ಆರೋಪಿ ಅಪರಾಧಿಯಾಗಿಬಿಟ್ಟರೆ ಅದನ್ನು ಹಿಡಿಯಲು ಕನ್ನಡವೂ ಕಾನೂನೂ ಗೊತ್ತಿರುವ ಮನುಷ್ಯ ಬೇಕು. ಯಂತ್ರದಿಂದ ಕೆಲಸದ ವೇಗ ಹೆಚ್ಚಿದೆ, ಕೆಲವು ಕುರ್ಚಿಗಳು ಖಾಲಿಯಾಗಿರುವುದೂ ನಿಜ. ಉಳಿದ ಕುರ್ಚಿಗಳಲ್ಲಿ ಕೂರುವವರ ಮೇಲೆ ಭಾರ ಹೆಚ್ಚಾಗಿದೆ.

ಆ ಭಾರ ಎಂಥದು ಎಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ನಿಧನ ವಾರ್ತೆಗೆ ತೀರಿಕೊಂಡವರ ಭಾವಚಿತ್ರದ ಬದಲು ಅವರ ತಮ್ಮನ ಭಾವಚಿತ್ರ ಹಾಕಿ ಪುಟ ಬಿಟ್ಟಿದ್ದೆ. ಎರಡೂ ಚಿತ್ರ ಒಂದೇ ಲಕೋಟೆಯಲ್ಲಿ ಬಂದಿದ್ದವು. ಹಿಂದೆ ಬರೆದಿದ್ದ ಹೆಸರನ್ನು ತಿರುಗಿಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಮರುದಿನ ತಿದ್ದುಪಡಿ ಬರೆದು, ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಆ ತಮ್ಮನೇ. ಬೆಳಗಿನಿಂದ ನೆಂಟರ ಫೋನಿಗೆ ಉತ್ತರ ಕೊಟ್ಟು ಕೊಟ್ಟು ದನಿ ಬಿದ್ದುಹೋಗಿತ್ತು. ಬೈಯಲಿಲ್ಲ. ಒಳಗೆ ಕರೆದು ನೀರು ಕೊಟ್ಟರು. ಅಂದಿನಿಂದ ಯಾವ ಚಿತ್ರವನ್ನೂ ಎರಡು ಸಲ ನೋಡದೆ ಪುಟಕ್ಕೆ ಬಿಟ್ಟಿಲ್ಲ.

ಪತ್ರಿಕೆಯ ಕೆಲಸಗಳು ಕಾಲಕಾಲಕ್ಕೆ ಬದಲಾಗಿವೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಬಂತು. ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಮುಂದೆ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುವ ಕಾಲ ಬಂತು. ಮೊಳೆ ಜೋಡಿಸುವವರು ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದರು. ಎಷ್ಟೋ ಉಪಸಂಪಾದಕರ ಕಾಗುಣಿತ ತಿದ್ದಿದವರೂ ಅವರೇ. ಆಫ್‌ಸೆಟ್ ಮತ್ತು ಕಂಪ್ಯೂಟರ್ ಬಂದ ಮೇಲೆ ಆ ವಿದ್ಯೆ ಬೇಡವಾಯಿತು. ಅವರಲ್ಲಿ ಕೆಲವರು ಕೀಲಿಮಣೆ ಕಲಿತು ಉಳಿದರು. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಇಲ್ಲಿ ದೊಡ್ಡ ಉಪಕಾರ ಮಾಡಿತು. ಇಂದು 'ನುಡಿ' ತಂತ್ರಾಂಶದಲ್ಲಿ ಬೆರಳಾಡಿಸುವ ಪ್ರತಿಯೊಬ್ಬರೂ ಅವರ ಋಣದಲ್ಲಿದ್ದಾರೆ.

ಡೆಸ್ಕಿನ ಆಚೆಗೂ ಕಣ್ಣು ಹಾಯಿಸಬೇಕು. ಪುಟ ವಿನ್ಯಾಸಕರಿಗೆ ತಂತ್ರಾಂಶದ ಜೊತೆಗೆ ಭಾಷೆಯೂ ಬರಬೇಕು, ಎಲ್ಲಿ ಪದ ಒಡೆದರೆ ಅರ್ಥ ಒಡೆಯುತ್ತದೆ ಎಂಬ ಅರಿವು ಬೇಕು. ಛಾಯಾಗ್ರಾಹಕರಾಗುವವರು ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಲಿ. ಮೈಸೂರಿನ ಅವರು ಕ್ಯಾಮೆರಾ ಹಿಡಿದು ಪತ್ರಿಕೆಗೆ ಕಾಲಿಟ್ಟದ್ದು 1948ರಲ್ಲಿ, ಆಗಷ್ಟೇ ಹುಟ್ಟಿದ್ದ ಡೆಕ್ಕನ್ ಹೆರಾಲ್ಡ್‌ನಲ್ಲಿ. ವ್ಯಂಗ್ಯಚಿತ್ರಕಾರರ ಕುರ್ಚಿ ಒಂದು ಪತ್ರಿಕೆಗೆ ಒಂದೋ ಎರಡೋ, ಆದರೆ ಜಾಗ ಕೊಡುವ ನಿಯತಕಾಲಿಕ ಒಂದಿದ್ದರೆ ಅಲ್ಲಿಂದ ಯಾರು ಎಲ್ಲಿಗೆ ಏರುತ್ತಾರೋ ಹೇಳಲಾಗದು. ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದುಕೊಡುತ್ತಿದ್ದ ಮೈಸೂರಿನ ತರುಣ ಮುಂದೆ ದೇಶಕ್ಕೆಲ್ಲ ಬೇಕಾದ ಆರ್.ಕೆ. ಲಕ್ಷ್ಮಣ್ ಆದರು. ಮುದ್ರಣ ವಿಭಾಗಕ್ಕೆ ಮುದ್ರಣ ತಂತ್ರಜ್ಞಾನ ಓದಿದವರು ಬೇಕು. ಬಣ್ಣದ ಒಂದು ಪುಟಕ್ಕೆ ನಾಲ್ಕು ಪ್ಲೇಟು. ನಾಲ್ಕೂ ಬಣ್ಣ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಮುಖ್ಯಮಂತ್ರಿಗೆ ಎರಡು ಜೊತೆ ತುಟಿ ಕಾಣುತ್ತದೆ. ಜಾಹೀರಾತು ಮತ್ತು ಪ್ರಸರಣ ವಿಭಾಗಗಳನ್ನು ನಮ್ಮ ಹುಡುಗರು ಮರೆತೇಬಿಡುತ್ತಾರೆ. ಎಲ್ಲರ ಸಂಬಳ ಹುಟ್ಟುವುದು ಅಲ್ಲಿ. ಊರೂರಿನ ಏಜೆಂಟರ ಪರಿಚಯ ಇಟ್ಟುಕೊಂಡಿರುವ ಪ್ರಸರಣದವರಿಗೆ ಗೊತ್ತಿರುವ ಕರ್ನಾಟಕ ಎಷ್ಟೋ ಸಂಪಾದಕರಿಗೆ ಗೊತ್ತಿರುವುದಿಲ್ಲ.

ಎಲ್ಲಿ ಶುರು ಮಾಡಬೇಕು ಎಂದು ಕೇಳಿದರೆ, ಜಿಲ್ಲಾ ಪತ್ರಿಕೆಯಲ್ಲಿ ಎನ್ನುತ್ತೇನೆ. ರಾಜ್ಯಮಟ್ಟದ ದೊಡ್ಡ ಪತ್ರಿಕೆಯಲ್ಲಿ ಹೊಸಬರಿಗೆ ಒಂದು ಪುಟದ ಒಂದು ಮೂಲೆ ಸಿಗುತ್ತದೆ. ಮೈಸೂರಿನ 'ಆಂದೋಲನ', ದಾವಣಗೆರೆಯ 'ಜನತಾವಾಣಿ'ಯಂಥ ಪ್ರಾದೇಶಿಕ ಪತ್ರಿಕೆಗಳು ತಮ್ಮ ಊರಿನ ನಾಡಿ ಹಿಡಿದು ಬೆಳೆದಂಥವು. ಅಂಥ ಕಡೆ ಬೆಳಿಗ್ಗೆ ವರದಿ, ಮಧ್ಯಾಹ್ನ ಅನುವಾದ, ರಾತ್ರಿ ಪುಟ ಎಲ್ಲವೂ ಕೈಗೆ ಬರುತ್ತದೆ. ಬರೆದದ್ದು ತಪ್ಪಾದರೆ ಮರುದಿನ ತರಕಾರಿ ಅಂಗಡಿಯ ಮುಂದೆಯೇ ಓದುಗರು ನಿಲ್ಲಿಸಿ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಪಾಠಶಾಲೆ ನನಗೆ ಗೊತ್ತಿಲ್ಲ.

ಓದಿನ ವಿಷಯಕ್ಕೆ ಬಂದರೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1950ರ ದಶಕದಲ್ಲಿ ಬೆಳೆಸಿದ ಪತ್ರಿಕೋದ್ಯಮ ಶಿಕ್ಷಣ ಇಂದು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಪದವಿ ಬಾಗಿಲು ತೆರೆಯುತ್ತದೆ. ಆದರೆ ಪತ್ರಿಕೆಗಳು ಪ್ರಶಿಕ್ಷಣಾರ್ಥಿಗಳನ್ನು ಆರಿಸುವಾಗ ಪರೀಕ್ಷಿಸುವುದು ಕೈಯನ್ನು. ಒಂದು ಇಂಗ್ಲಿಷ್ ಸುದ್ದಿ ಕೊಟ್ಟು ಕನ್ನಡಕ್ಕೆ ತರಲು ಹೇಳುತ್ತಾರೆ, ಉದ್ದನೆಯ ಬರಹ ಕೊಟ್ಟು ಕಾಲು ಭಾಗಕ್ಕೆ ಇಳಿಸಲು ಹೇಳುತ್ತಾರೆ. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಅಲ್ಲೇ ನಿಂತಿತು. ಅರ್ಥಶಾಸ್ತ್ರ, ಕೃಷಿ, ಕಾನೂನು ಓದಿದವರು ಚೆನ್ನಾಗಿ ಕನ್ನಡ ಬರೆಯಬಲ್ಲರಾದರೆ ಅವರನ್ನು ಡೆಸ್ಕು ಕೈ ಚಾಚಿ ಕರೆದುಕೊಳ್ಳುತ್ತದೆ. ಬಜೆಟ್ ದಿನ ಅಂಥವರೊಬ್ಬರು ಪಕ್ಕದಲ್ಲಿದ್ದರೆ ಎಷ್ಟು ಧೈರ್ಯ ಎಂಬುದು ನನಗೆ ಗೊತ್ತು. ಹೆಣ್ಣುಮಕ್ಕಳು ಈಗ ರಾತ್ರಿ ಪಾಳಿಯಲ್ಲೂ ಇದ್ದಾರೆ. ಸೇರುವ ಮೊದಲು ಮನೆ ತಲುಪಿಸುವ ವಾಹನದ ವ್ಯವಸ್ಥೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಸಂಬಳದ ಮಾತನ್ನೂ ಸಂಕೋಚವಿಲ್ಲದೆ ಆಡಬೇಕು. ಪತ್ರಕರ್ತರ ಸೇವಾ ಭದ್ರತೆಗೆ 1955ರಲ್ಲೇ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸಿನಂತೆ 2011ರ ನವೆಂಬರಿನಲ್ಲಿ ಅಧಿಸೂಚನೆ ಹೊರಟಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಗುತ್ತಿಗೆ ನೇಮಕದ ಹಾದಿಯಲ್ಲಿ ಆ ವೇತನ ಎಷ್ಟೋ ಜನರ ಕೈಗೆ ಬರಲಿಲ್ಲ. ಕೊರೊನಾ ಬಂದ 2020ರಲ್ಲಿ ಪುಟಗಳು ಕಡಿಮೆಯಾದವು, ನನ್ನ ಜೊತೆ ಪುಟ ಬಿಟ್ಟವರು ಕೆಲವರು ಮನೆಗೆ ಹೋದರು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ವೃತ್ತಿಗೆ ಕರೆಯಲು ನನಗೆ ಮನಸ್ಸಿಲ್ಲ. ಅಚ್ಚಿನ ಜೊತೆಗೆ ಜಾಲತಾಣದ ಡೆಸ್ಕಿನಲ್ಲೂ ಕೂರಬಲ್ಲೆ, ಅನುವಾದ ಬಲ್ಲೆ, ಪುಸ್ತಕದ ಕರಡು ತಿದ್ದಬಲ್ಲೆ ಎನ್ನುವವರಿಗೆ ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಎಲ್ಲದಕ್ಕೂ ಬೇಕಾದದ್ದು ಅದೇ ಡೆಸ್ಕಿನ ವಿದ್ಯೆ.

ಎಲ್ಲರಿಗಿಂತ ಕಷ್ಟದ ಲೆಕ್ಕ ತಾಲ್ಲೂಕಿನ ಅರೆಕಾಲಿಕ ವರದಿಗಾರರದು. ಹಲವರಿಗೆ ತಿಂಗಳ ಸಂಬಳವೆಂಬುದಿಲ್ಲ. ಅಚ್ಚಾದ ಸುದ್ದಿಯನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಸ್ಕೇಲು ಹಿಡಿದು ಸೆಂಟಿಮೀಟರಿನಲ್ಲಿ ಅಳೆದು ಬಿಲ್ಲು ಕಳಿಸಬೇಕು. ನನಗೆ ಅದು ಗೊತ್ತಿತ್ತು. ಆದರೆ ಪುಟ ಬಿಡುವ ಹೊತ್ತಿನಲ್ಲಿ ಅದು ಯಾರ ತಲೆಯಲ್ಲೂ ಇರುವುದಿಲ್ಲ.

ನೀರಿನ ಸುದ್ದಿ ಬಂದ ತಿಂಗಳ ಕೊನೆಗೆ ಆ ಹುಡುಗ ಫೋನ್ ಮಾಡಿದ. ಅವನು ಬರೆದ ಮೂರು ಪ್ಯಾರಾ ಹಾಗೇ ಹೋಗಿದ್ದರೆ ಇಪ್ಪತ್ತು ಸೆಂಟಿಮೀಟರಿನ ಮೇಲೆ ಆಗುತ್ತಿತ್ತು. ನಾನು ತಿದ್ದಿದ ಮೇಲೆ ಹನ್ನೊಂದೂ ಇರಲಿಲ್ಲ. ಊರಿನಲ್ಲಿ ಆ ಸುದ್ದಿಯನ್ನು ಎಲ್ಲರೂ ಓದಿದರು, ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬರು ಜೋರಾಗಿ ಓದಿ ಹೇಳಿದರು ಎಂದು ಖುಷಿಯಿಂದ ಹೇಳಿದ. ಆಮೇಲೆ ಸ್ವಲ್ಪ ತಡೆದು ಕೇಳಿದ.

"ಸರ, ಅದಕ್ಕ ಬಾಕ್ಸ್ ಹಾಕೀರಲ್ರಿ, ಗೆರಿ ಹಿಡಿದು ಅಳತಿ ಮಾಡಬೌದೇನ್ರಿ?"

"ಗೆರಿ ಹಿಡಿದ ಮಾಡಪಾ," ಅಂದೆ. "ತಲೆಬರಹಾನೂ ಸೇರಿಸು."