ಹೃದಯಕ್ಕೆ ಬಲ ನೀಡುವ ವ್ಯಾಯಾಮಗಳು



ಹಿಂದೆ ನಮ್ಮ ಊರುಗಳ ಗರಡಿ ಮನೆಗಳಲ್ಲಿ ಯುವಕರು ದಂಡ, ಬಸ್ಕಿಗಳಿಂದ ಮೈಯನ್ನು ಹುರಿಗೊಳಿಸುತ್ತಿದ್ದರು. ಈಗ ತಾಲ್ಲೂಕು ಕೇಂದ್ರಗಳಲ್ಲಿ ‘ಜಿಮ್’ ಎಂಬ ವ್ಯಾಯಾಮಶಾಲೆಗಳು ತೆರೆದಿವೆ. ಗರಡಿಯೊಳಗೆ ಸ್ತ್ರೀಯರು ಕಾಲಿಡುವುದು ವಿರಳವಾಗಿತ್ತು. ಇಲ್ಲಿ ಪತಿ ಪತ್ನಿಯರಿಬ್ಬರೂ ಹೋಗಬಹುದು. ಅಲ್ಲಿ ಭಾರವೆತ್ತುವ ಸಾಧನಗಳಲ್ಲದೆ, ಹೃದಯ ಮತ್ತು ಶ್ವಾಸಕೋಶಗಳಿಗಾಗಿಯೇ ಮಾಡುವ ವ್ಯಾಯಾಮಗಳಿವೆ. ಇವುಗಳನ್ನು ‘ಕಾರ್ಡಿಯೋ’ ಎನ್ನುತ್ತಾರೆ.

ಹೃದಯವು ಒಂದು ಸ್ನಾಯು. ವಿಶ್ರಾಂತಿಯಲ್ಲಿರುವಾಗ ಅದು ನಿಮಿಷಕ್ಕೆ ಸುಮಾರು 70 ಸಲ ಮಿಡಿದು, ಸುಮಾರು 5 ಲೀಟರ್ ರಕ್ತವನ್ನು ದೇಹಕ್ಕೆ ತಳ್ಳುತ್ತದೆ. ವೇಗವಾಗಿ ನಡೆದಾಗ ಅಥವಾ ಓಡಿದಾಗ ಈ ಪ್ರಮಾಣವು ಹಲವು ಪಟ್ಟು ಏರುತ್ತದೆ. ಹೀಗೆ ಕ್ರಮವಾಗಿ ಕೆಲಸ ಕೊಟ್ಟ ಹೃದಯವು ಕೆಲವು ತಿಂಗಳುಗಳಲ್ಲಿ ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ. ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಇವೆರಡೂ ಹತೋಟಿಗೆ ಬರಲು ಸಹಾಯವಾಗುತ್ತದೆ.

ಜಿಮ್‌ನಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಟ್ರೆಡ್‌ಮಿಲ್. ಕಾಲ ಕೆಳಗೆ ಪಟ್ಟಿಯು ಹಿಂದಕ್ಕೆ ಸರಿಯುತ್ತಿರುತ್ತದೆ. ನೀವು ನಿಂತಲ್ಲಿಯೇ ನಡೆಯುತ್ತೀರಿ. ವಿಚಿತ್ರವೆಂದರೆ, ಇದರ ಪೂರ್ವಜ ಯಂತ್ರವನ್ನು ಇಂಗ್ಲೆಂಡಿನಲ್ಲಿ 1818ರ ಸುಮಾರಿಗೆ ಸೆರೆಮನೆಯ ಕೈದಿಗಳನ್ನು ದುಡಿಸಲು ರೂಪಿಸಲಾಗಿತ್ತು. ಇಂದು ಜನರು ಹಣ ಕೊಟ್ಟು ಅದನ್ನು ಏರುತ್ತಾರೆ! ಹೊಸಬರು ಬಲು ನಿಧಾನವಾದ ವೇಗದಿಂದ ಆರಂಭಿಸಬೇಕು. ಸೀರೆಯ ಸೆರಗು, ದುಪಟ್ಟಾ, ಪಂಚೆ ಇವು ಪಟ್ಟಿಗೆ ಸಿಲುಕದಂತೆ ಎಚ್ಚರ ವಹಿಸಬೇಕು. ಮಂಡಿನೋವುಳ್ಳವರಿಗೆ ಸ್ಥಿರ ಸೈಕಲ್ ಲೇಸು, ಏಕೆಂದರೆ ದೇಹದ ಭಾರವನ್ನು ಆಸನವು ಹೊರುತ್ತದೆ. ಮೆಟ್ಟಿಲೇರುವ ಯಂತ್ರ, ದೋಣಿಯ ಹುಟ್ಟುಹಾಕುವಂತಹ ಯಂತ್ರ, ಹಗ್ಗದ ಜಿಗಿತ ಇವು ಹೆಚ್ಚು ಶ್ರಮದವು. ಅಭ್ಯಾಸವಾದ ಮೇಲೆ ಮಾಡತಕ್ಕವು.

“ಹೊಲದಲ್ಲಿ ದುಡಿಯುವ ನಮಗೆ ಇದೆಲ್ಲ ಏತಕ್ಕೆ, ಡಾಕ್ಟರೇ?” ಎಂದು ಆಸ್ಪತ್ರೆಗೆ ಬರುವ ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಅಗೆಯುವುದು, ನೀರು ಹೊರುವುದು, ಹೊಲಕ್ಕೆ ಬಿರುಸಾಗಿ ನಡೆಯುವುದು ಇವೆಲ್ಲ ಹೃದಯಕ್ಕೆ ವ್ಯಾಯಾಮವೇ. ಆದರೆ ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ನಡಿಗೆ ಮೋಟಾರ್ ಬೈಕಿಗೆ ಹೋಯಿತು. ಹೊಲದ ಕೆಲಸವೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಗೃಹಿಣಿಯು ದಿನವೆಲ್ಲ ದಣಿಯುವಳು ನಿಜ. ಆದರೂ ಒಲೆಯ ಮುಂದಿನ ದಣಿವಿನಲ್ಲಿ ಉಸಿರು ಏರುವುದು ಕಡಿಮೆ. ಆಕೆಗೆ ಅರ್ಧ ಗಂಟೆಯ ಬಿಡುವು ದೊರೆಯಬೇಕಾದರೆ ಪತಿಯು ಮನೆಗೆಲಸದಲ್ಲಿ ಕೈಜೋಡಿಸಬೇಕು.

ಎಷ್ಟು ಮಾಡಬೇಕು? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಅಂದರೆ ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ. ಶ್ರಮವನ್ನು ಅಳೆಯಲು ಯಂತ್ರ ಬೇಡ. ಜೊತೆಗಾರರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ಪ್ರಮಾಣ. ಮಾತೂ ನಿಂತುಹೋದರೆ ವೇಗ ತಗ್ಗಿಸಿರಿ. ಜಿಮ್‌ನ ಶುಲ್ಕ ಹೊರೆಯೆನಿಸಿದರೆ ಇಬ್ಬರೂ ಕೂಡಿ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯಿರಿ. ಹೃದಯಕ್ಕೆ ಯಂತ್ರದ ಪಟ್ಟಿಯೂ ಮಣ್ಣಿನ ಹಾದಿಯೂ ಒಂದೇ.

ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯಾದವರು ಬಲಹೀನರಾಗುತ್ತಾರೆ, ವ್ಯಾಯಾಮ ಮಾಡಬಾರದು ಎಂಬ ನಂಬಿಕೆ ಇನ್ನೂ ಕೆಲವೆಡೆ ಉಳಿದಿದೆ. ಇದು ತಪ್ಪು. ವಾಸೆಕ್ಟಮಿಯಾದ ಪುರುಷರು ಎರಡು ದಿನ ವಿಶ್ರಾಂತಿ ಪಡೆದು, ಒಂದು ವಾರದ ನಂತರ ಸೈಕಲ್ ತುಳಿಯಬಹುದು. ಟ್ಯೂಬೆಕ್ಟಮಿಯಾದ ಸ್ತ್ರೀಯರು ಎರಡು ದಿನಗಳ ತರುವಾಯ ಹಗುರ ಕೆಲಸಕ್ಕೆ ತೊಡಗಿ, ವೈದ್ಯರ ಸಲಹೆಯಂತೆ ಕ್ರಮೇಣ ಹೆಚ್ಚಿಸಿಕೊಳ್ಳಬೇಕು. ತೊಂದರೆಯಿಲ್ಲದ ಗರ್ಭಿಣಿಯರಿಗೂ ನಡಿಗೆ ಹಿತಕರ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ನಿಧನರಾದ ಮೇಲೆ ಜಿಮ್ ಎಂದರೆ ಅಂಜುವವರು ಹೆಚ್ಚಾದರು. ಕ್ರಮಬದ್ಧ ವ್ಯಾಯಾಮವು ಹೃದಯರೋಗದ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಅಪಾಯವಿರುವುದು, ಒಳಗೆ ರೋಗವಿದ್ದೂ ಅರಿಯದೆ, ಅಭ್ಯಾಸವಿಲ್ಲದ ದೇಹದಿಂದ ಒಮ್ಮೆಲೇ ಅತಿ ಶ್ರಮ ಮಾಡುವುದರಲ್ಲಿ. ಆದುದರಿಂದ 40 ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು, ಮನೆತನದಲ್ಲಿ ಹೃದಯಾಘಾತ ಕಂಡವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.

ವ್ಯಾಯಾಮದ ವೇಳೆ ಎದೆಯಲ್ಲಿ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಅಥವಾ ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿರಿ. ಸ್ತ್ರೀಯರಲ್ಲಿ ಎದೆನೋವಿಲ್ಲದೆ ಕೇವಲ ಏದುಸಿರು, ವಾಕರಿಕೆ, ಅತೀವ ಸುಸ್ತು ಮಾತ್ರ ಕಾಣಬಹುದು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ರಾತ್ರಿ ಕಳೆದು, ಮುಂಜಾನೆ ಬರುವವರನ್ನು ವೈದ್ಯರಾದ ನಾವು ಕಾಣುತ್ತಲೇ ಇರುತ್ತೇವೆ. ಆ ವೇಳೆಗೆ ಹೃದಯದ ಒಂದು ಭಾಗವು ಸತ್ತಿರುತ್ತದೆ. ಹಾಗೆ ಕಾಯದೆ 108ಕ್ಕೆ ಕರೆಮಾಡಿ, ಇ.ಸಿ.ಜಿ. ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಬನ್ನಿರಿ.